ಶ್ರೀರಂಗಪಟ್ಟಣದ ಹೊಳೆದಂಡೆಗೆ ದೊಡ್ಡ ಬಡಾವಣೆ ಬಂದರೆ ನೀವು ಏನು ಮಾಡಬೇಕು?

ಗಂಜಾಂ ಕಡೆಯ ಗದ್ದೆಯಲ್ಲಿ ಗಡಿಕಲ್ಲು ನೆಟ್ಟಿದ್ದಾರೆ, ಯಾರನ್ನು ಕೇಳಬೇಕು? ಕೋಟೆಯ ಕಂದಕದ ಪಕ್ಕ ಜೆಸಿಬಿ ನಿಂತಿದೆ, ಅದನ್ನು ತಡೆಯುವ ಅಧಿಕಾರ ಯಾರಿಗಿದೆ? ಹೊಳೆದಂಡೆಗೆ ರೆಸಾರ್ಟ್ ಬರುತ್ತದೆ ಎನ್ನುತ್ತಾರೆ, ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಇಂಥ ಪ್ರಶ್ನೆಗಳು ಹೆಚ್ಚಾಗಿವೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಾನೂನು ಸ್ಮಾರಕದ ಸುತ್ತ ಒಂದು ಗೆರೆ ಎಳೆದು ಅದರೊಳಗಿನದನ್ನು ಕಾಯುತ್ತದೆ. ಶ್ರೀರಂಗಪಟ್ಟಣ ಬದುಕಿರುವುದು ಆ ಗೆರೆಗಳ ನಡುವಿನ ಜಾಗದಲ್ಲಿ. ದರಿಯಾ ದೌಲತ್ತಿಗೂ ಗುಂಬಜ್‌ಗೂ ನಡುವೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರವಿದೆ. ಆ ನಡುವಿನ ಗದ್ದೆ, ತೆಂಗಿನ ತೋಟ, ನಾಲೆಯ ಏರಿ, ಹೊಳೆಗೆ ಇಳಿಯುವ ಕಾಲುದಾರಿ ಇವೆಲ್ಲ ಇರುವುದರಿಂದಲೇ ಅದು ದ್ವೀಪದ ಊರು ಎನಿಸುತ್ತದೆ. ದೊಡ್ಡ ಬಡಾವಣೆ ಬರುವುದೂ ಅಲ್ಲಿಗೇ. ಅಲ್ಲಿ ಸ್ಮಾರಕದ ಕಾನೂನು ನಿಮಗೆ ಹೆಚ್ಚು ನೆರವಾಗುವುದಿಲ್ಲ. ನೆರವಾಗುವುದು ಜಮೀನಿನ ದಾಖಲೆ, ಮಹಾಯೋಜನೆ ಮತ್ತು ಸರಿಯಾದ ದಿನಾಂಕದೊಳಗೆ ಕೊಟ್ಟ ಆಕ್ಷೇಪಣೆ. ಅದಕ್ಕಾಗಿಯೇ ಈ ಲೇಖನದಲ್ಲಿ ಟಿಪ್ಪುವಿನ ಕಥೆಗಿಂತ ಸರ್ವೆ ನಂಬರಿನ ಮಾತು ಹೆಚ್ಚು.

ಬೇಕಾಗುವ ಸಾಮಾನು

ಕಾಗದ ಹಾಕಿಡಲು ಒಂದು ಗಟ್ಟಿ ಕಡತ, ದಿನಾಂಕ ಬರೆದಿಡಲು ಒಂದು ನೋಟ್‌ಬುಕ್, ಸ್ಥಳದ ಅಕ್ಷಾಂಶ ರೇಖಾಂಶ ಅಚ್ಚಾಗುವಂತೆ ಚಿತ್ರ ತೆಗೆಯುವ ಮೊಬೈಲ್, ಕೆಲವು 10 ರೂಪಾಯಿಯ ಪೋಸ್ಟಲ್ ಆರ್ಡರ್. ಇದಕ್ಕಿಂತ ಮುಖ್ಯವಾಗಿ ಮೂರು ನಾಲ್ಕು ಜನ ಬೇಕು. ಅವರಲ್ಲಿ ಒಬ್ಬರಾದರೂ ದ್ವೀಪದಲ್ಲೇ ವಾಸವಿರಬೇಕು, ಒಬ್ಬರಿಗೆ ಪಹಣಿ ಓದಲು ಬರಬೇಕು. ಮೈಸೂರಿನಲ್ಲಿ ಕುಳಿತು ಶ್ರೀರಂಗಪಟ್ಟಣ ಉಳಿಸುತ್ತೇವೆ ಎಂದು ಹೊರಟರೆ ಸ್ಥಳೀಯರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

1. ಮೊದಲು ನಡೆದು ನೋಡಿ, ನಕ್ಷೆ ಬರೆಯಿರಿ

ಒಂದು ಭಾನುವಾರ ಬೆಳಿಗ್ಗೆ ಪಶ್ಚಿಮವಾಹಿನಿಯಿಂದ ಸಂಗಮದವರೆಗೆ ನಡೆಯಿರಿ. ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ಕರ್ನಲ್ ಬೇಯ್ಲಿಯ ಸೆರೆಮನೆ, 1784ರ ದರಿಯಾ ದೌಲತ್, ಗುಂಬಜ್ ಇವನ್ನು ಎಲ್ಲರೂ ಗುರುತಿಸುತ್ತಾರೆ. ನೀವು ಗುರುತಿಸಬೇಕಾದದ್ದು ಫಲಕ ಇಲ್ಲದವುಗಳನ್ನು: ಸ್ನಾನಘಟ್ಟಗಳು, ಮಂಟಪಗಳು, ಸಿಡಿಮದ್ದು ಕೂಡಿಡುತ್ತಿದ್ದ ಮದ್ದಿನ ಮನೆಗಳು, ಕೋಟೆಯ ಹೊರಸುತ್ತಿನ ಗೋಡೆ, ಕಂದಕ, ಹೊಳೆಯನ್ನು ದಾಟಿ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ, 1804ರ ವೆಲ್ಲೆಸ್ಲಿ ಸೇತುವೆ. ಪ್ರತಿಯೊಂದರ ಚಿತ್ರವನ್ನು ನಾಲ್ಕು ದಿಕ್ಕಿನಿಂದ ತೆಗೆಯಿರಿ. ಸುತ್ತಲಿನ ಬಯಲೂ ಚಿತ್ರದಲ್ಲಿ ಬರಲಿ. ನಾಳೆ ಯಾರಾದರೂ ಇಲ್ಲಿ ಮೊದಲಿನಿಂದಲೂ ಕಟ್ಟಡ ಇತ್ತು ಎಂದರೆ ಉತ್ತರ ಹೇಳುವುದು ಈ ಚಿತ್ರ.

ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟ ವರ್ಷ ಹೊಳೆ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ದಿನಾಂಕ ಸಹಿತ ದಾಖಲಿಸಿ. ಸ್ನಾನಘಟ್ಟದ ಎಷ್ಟನೆಯ ಮೆಟ್ಟಿಲು, ಯಾವ ತೋಟದ ಬೇಲಿ, ಯಾವ ಮರದ ಬುಡ, ಎಲ್ಲವೂ ಬೇಕು. ಬೇಸಿಗೆಯಲ್ಲಿ ನಿವೇಶನದ ಕರಪತ್ರ ಹಂಚುವವರು ತೋರಿಸುವ ಹೊಳೆ ಬೇರೆ, ಆಗಸ್ಟ್ ತಿಂಗಳ ಹೊಳೆಯೇ ಬೇರೆ. ನೆರೆಯ ನೀರು ನಿಲ್ಲುವ ಜಾಗ ಎಂಬ ಆಕ್ಷೇಪಣೆಯನ್ನು ಅಧಿಕಾರಿಗಳು ಪರಂಪರೆಯ ಆಕ್ಷೇಪಣೆಗಿಂತ ಬೇಗ ಕಿವಿಗೆ ಹಾಕಿಕೊಳ್ಳುತ್ತಾರೆ. ಬೇಸರದ ಸಂಗತಿಯೇ, ಆದರೂ ಉಪಯೋಗಿಸಿಕೊಳ್ಳಿ.

2. ಯಾವುದಕ್ಕೆ ಯಾರ ರಕ್ಷಣೆ ಇದೆ ಎಂದು ತಿಳಿಯಿರಿ

ಇಲ್ಲಿ ಮೂರು ಬಗೆಯ ಆಸ್ತಿಗಳಿವೆ. ಒಂದು, 1958ರ ಕೇಂದ್ರ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಯುವ ರಾಷ್ಟ್ರೀಯ ಮಹತ್ವದ ಸ್ಮಾರಕಗಳು. ಎರಡು, 1961ರ ರಾಜ್ಯ ಕಾಯ್ದೆಯಡಿ ರಾಜ್ಯ ಪುರಾತತ್ವ ಇಲಾಖೆ ಕಾಯುವಂಥವು. ಆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಮೂರು, ಯಾವ ಪಟ್ಟಿಯಲ್ಲೂ ಇಲ್ಲದವು. ಮೂರನೆಯ ಗುಂಪೇ ದೊಡ್ಡದು, ಅಪಾಯದಲ್ಲಿರುವುದೂ ಅದೇ.

ಪಟ್ಟಿಯನ್ನು ಅಕ್ಷರ ಬಿಡದೆ ಓದಿ. ಕೇಂದ್ರದ ಪಟ್ಟಿಯಲ್ಲಿ ಕೋಟೆಯ ಬಗ್ಗೆ ಇರುವ ನಮೂದು 1799ರಲ್ಲಿ ಕೋಟೆ ಒಡೆದ ಜಾಗದ ಬಳಿಯ ಗೋಡೆ ಮತ್ತು ಸ್ಮಾರಕಸ್ತಂಭದ ಕುರಿತು. ಇಡೀ ಕೋಟೆ ರಕ್ಷಿತ ಎಂದು ಊಹಿಸಿ ಇನ್ನೊಂದು ಮೂಲೆಯ ಗೋಡೆಗೆ ಆಕ್ಷೇಪಣೆ ಬರೆದರೆ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದೇ ಸಾಲಿನ ಉತ್ತರ ಬರಬಹುದು. ನಿಮ್ಮ ಜಾಗದ ಪಕ್ಕದ ಗೋಡೆಯ ಅಧಿಸೂಚನೆಯ ಪ್ರತಿಯನ್ನೇ ಕೇಳಿ ಪಡೆಯಿರಿ.

ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಅದರ ಸುತ್ತ ಎರಡು ವಲಯಗಳಿವೆ. ರಕ್ಷಿತ ಪ್ರದೇಶದ ಗಡಿಯಿಂದ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ ಕನಿಷ್ಠ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಕೊಟ್ಟು, ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಪಡೆದಿರಬೇಕು.

ಜನ ಎಡವುವುದು ಇಲ್ಲೇ. ಮೊದಲನೆಯದು ಅಳತೆ. 100 ಮೀಟರನ್ನು ಗೋಪುರದಿಂದಲೋ ಗುಮ್ಮಟದಿಂದಲೋ ಅಳೆಯುವುದಲ್ಲ, ರಕ್ಷಿತ ಪ್ರದೇಶದ ಗಡಿಯಿಂದ ಅಳೆಯಬೇಕು. ಗುಂಬಜ್‌ನಂಥ ವಿಶಾಲ ಆವರಣದಲ್ಲಿ ಇದು ದೊಡ್ಡ ವ್ಯತ್ಯಾಸ. ಎರಡನೆಯದು ಲೆಕ್ಕ. 200 ಮೀಟರ್ ಎಂದರೆ ಮೊದಲ ನೂರರ ಮೇಲೆ ಇನ್ನೂ ಇನ್ನೂರು, ಒಟ್ಟು 300. ಮೂರನೆಯದು ಸರ್ಕಾರಿ ಕಾಮಗಾರಿ. ಸಾರ್ವಜನಿಕ ಉದ್ದೇಶದ ಕೆಲಸಕ್ಕೆ ಈ ನಿಯಮ ಇಲ್ಲ ಎಂದು ಗುತ್ತಿಗೆದಾರರು ಹೇಳುವುದುಂಟು. 2010ರ ತಿದ್ದುಪಡಿಯ ಪ್ರಕಾರ ನಿಷೇಧಿತ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿಯ ಹೆಸರಿನಲ್ಲೂ ಹೊಸ ನಿರ್ಮಾಣಕ್ಕೆ ಅನುಮತಿ ಕೊಡುವಂತಿಲ್ಲ. ವಾಹನ ನಿಲುಗಡೆ, ನದಿತೀರ ಅಭಿವೃದ್ಧಿ, ಮಳಿಗೆಗಳ ಸಾಲು ಎಂಬ ಹೆಸರಿನಲ್ಲಿ ಬರುವ ಯೋಜನೆಗಳನ್ನೂ ಇದೇ ಅಳತೆಗೋಲಿನಿಂದ ನೋಡಿ.

ಯುನೆಸ್ಕೊ ಹೆಸರನ್ನು ಎಚ್ಚರಿಕೆಯಿಂದ ಬಳಸಿ. ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಅದು ವಾದಕ್ಕೆ ತೂಕ ಕೊಡುತ್ತದೆ, ಕಾನೂನಿನ ರಕ್ಷಣೆ ಕೊಡುವುದಿಲ್ಲ. ವಿಶ್ವ ಪರಂಪರೆಯ ತಾಣ ಎಂದೇ ಬರೆದರೆ ನಿಮ್ಮ ಉಳಿದ ಮಾತುಗಳ ಮೇಲೂ ಅನುಮಾನ ಹುಟ್ಟುತ್ತದೆ.

3. ಜಮೀನಿನ ಜಾತಕ ಬಿಡಿಸಿ

ಬಡಾವಣೆ ಬರುತ್ತದೆ ಎನ್ನುವ ಜಾಗದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿ, ಮ್ಯುಟೇಷನ್ ಪ್ರತಿ, ಗ್ರಾಮ ನಕ್ಷೆ, ಆಕಾರ್‌ಬಂದ್ ಇವನ್ನು ತೆಗೆಸಿ. ಪಹಣಿ ಎಂದರೆ ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆಗಳ ದಾಖಲೆ. ಮ್ಯುಟೇಷನ್ ಎಂದರೆ ಒಡೆತನ ಬದಲಾದ ದಾಖಲೆ. ಆಕಾರ್‌ಬಂದ್‌ನಲ್ಲಿ ಆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಮತ್ತು ಕಂದಾಯದ ವಿವರ ಇರುತ್ತದೆ.

ಖರಾಬಿನ ಕಾಲಂ ಮೇಲೆ ಬೆರಳಿಟ್ಟು ಓದಿ. 'ಎ' ಖರಾಬು ಎಂದರೆ ಸಾಗುವಳಿಗೆ ಬಾರದ ಭೂಮಿ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ನಾಲೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಹೊಳೆದಂಡೆಯ ಸರ್ವೆ ನಂಬರುಗಳಲ್ಲಿ ಈ 'ಬಿ' ಖರಾಬು ಕೆಲವು ಗುಂಟೆಗಳಷ್ಟಾದರೂ ಇರುವ ಸಾಧ್ಯತೆ ಹೆಚ್ಚು. ಬಡಾವಣೆಯ ನಕ್ಷೆಯಲ್ಲಿ ಅದು ಉದ್ಯಾನವಾಗಿಯೋ ರಸ್ತೆಯಾಗಿಯೋ ನಿವೇಶನವಾಗಿಯೋ ಸದ್ದಿಲ್ಲದೆ ಸೇರಿಕೊಂಡಿದ್ದರೆ ನಿಮ್ಮ ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ. ನಾಲೆಗಳ ವಿಷಯದಲ್ಲಿ ಕಾವೇರಿ ನೀರಾವರಿ ನಿಗಮದ ಕಚೇರಿಯಿಂದ ನಾಲೆಯ ಅಗಲ ಮತ್ತು ಏರಿಯ ಗಡಿ ತೋರಿಸುವ ನಕ್ಷೆಯನ್ನೂ ಕೇಳಿ.

ಜಮೀನು ರಂಗನತಿಟ್ಟಿನ ಕಡೆಗಿದ್ದರೆ ಇನ್ನೊಂದು ದಾರಿ ತೆರೆಯುತ್ತದೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಜಮೀನು ಪಕ್ಷಿಧಾಮದ ಗಡಿಯಿಂದ ಎಷ್ಟು ದೂರವಿದೆ, ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂದು ಮೈಸೂರಿನ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿಗೆ ಬರೆದು ಕೇಳಿ.

4. ಯೋಜನೆ ಯಾವ ಮೆಟ್ಟಿಲಿನಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಬಡಾವಣೆ ಒಂದೇ ದಿನ ಹುಟ್ಟುವುದಿಲ್ಲ. ಮಹಾಯೋಜನೆಯಲ್ಲಿ ವಲಯ ಗುರುತಾಗುತ್ತದೆ, ಭೂ ಬಳಕೆ ಬದಲಾಗುತ್ತದೆ, ಭೂ ಪರಿವರ್ತನೆ ಆಗುತ್ತದೆ, ವಿನ್ಯಾಸಕ್ಕೆ ಅನುಮೋದನೆ ಸಿಗುತ್ತದೆ, ಬಳಿಕ ನಿವೇಶನ ಮಾರಾಟ. ಜನರಿಗೆ ಗೊತ್ತಾಗುವುದು ಕೊನೆಯ ಮೆಟ್ಟಿಲಿನಲ್ಲಿ, ಜೆಸಿಬಿ ಬಂದಾಗ. ಕಾನೂನು ನಿಮ್ಮ ಮಾತು ಕೇಳಲೇಬೇಕಾದದ್ದು ಮೊದಲ ಎರಡು ಮೆಟ್ಟಿಲುಗಳಲ್ಲಿ.

ಮಹಾಯೋಜನೆ ಎಂದರೆ ಊರಿನ ಯಾವ ಭಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ, ಯಾವುದು ಕೃಷಿಗೆ ಎಂದು ಯೋಜನಾ ಪ್ರಾಧಿಕಾರ ಬಣ್ಣ ಹಚ್ಚಿ ತೋರಿಸುವ ನಕ್ಷೆ ಮತ್ತು ಅದರ ನಿಯಮಗಳು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನಗಳ ಕಾಲಾವಕಾಶ ಇರುತ್ತದೆ. ಇಲ್ಲಿ ಹೊಳೆದಂಡೆಯ ಗದ್ದೆ ಹಳದಿ ಬಣ್ಣಕ್ಕೆ, ಅಂದರೆ ವಸತಿ ವಲಯಕ್ಕೆ ಸೇರಿತೆಂದರೆ ಮುಂದಿನ ಮೆಟ್ಟಿಲುಗಳೆಲ್ಲ ಸಲೀಸು. ಆಮೇಲೆ ಒಬ್ಬೊಬ್ಬ ಭೂಮಾಲೀಕನ ಜೊತೆ ಹೋರಾಡುವುದು ದಂಡ. ಅದೇ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಎಂಬ ಪದಗಳಿಗೆ ವ್ಯಾಖ್ಯೆ ಇದೆ. ಆವರಣ ಎಂದರೆ ಒಂದು ಕಟ್ಟಡ ಮಾತ್ರವಲ್ಲ, ಸುತ್ತಲಿನ ಜಾಗವೂ ಸೇರಿದಂತೆ. ಕರಡಿಗೆ ಆಕ್ಷೇಪಣೆ ಬರೆಯುವಾಗ ಬೇಡ ಎಂದಷ್ಟೇ ಬರೆಯಬೇಡಿ. ಈ ಈ ಸರ್ವೆ ನಂಬರುಗಳನ್ನು ಪಾರಂಪರಿಕ ಆವರಣವೆಂದು ಗುರುತಿಸಿ, ಕೃಷಿ ವಲಯವಾಗಿಯೇ ಉಳಿಸಿ, ಕಟ್ಟಡದ ಎತ್ತರಕ್ಕೆ ಮಿತಿ ಹಾಕಿ ಎಂದು ಕೇಳಿ. ಮೊದಲನೆಯ ಹೆಜ್ಜೆಯ ನಿಮ್ಮ ನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡನೆಯ ಮೆಟ್ಟಿಲು ಭೂ ಬಳಕೆ ಬದಲಾವಣೆ. ಮಹಾಯೋಜನೆಯಲ್ಲಿ ಕೃಷಿ ಎಂದಿದ್ದುದನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸುವುದು. ಇದಕ್ಕೆ 14-ಎ ಕಲಮಿನಡಿ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಹದಿನೈದೇ ದಿನ! ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ನಿಮ್ಮ ಗುಂಪಿನ ಒಬ್ಬರು ಮಂಡ್ಯ, ಮೈಸೂರು ಆವೃತ್ತಿಗಳ ಜಾಹೀರಾತು ಪುಟವನ್ನು ದಿನವೂ ನೋಡುವ ಕೆಲಸ ವಹಿಸಿಕೊಳ್ಳಲಿ. ನಿವೃತ್ತ ಮೇಷ್ಟ್ರು ಒಬ್ಬರು ಸಿಕ್ಕರೆ ಅವರಿಗಿಂತ ನಿಷ್ಠೆಯಿಂದ ಇದನ್ನು ಮಾಡುವವರಿಲ್ಲ.

ಮೂರನೆಯದು ಭೂ ಪರಿವರ್ತನೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ ಜಿಲ್ಲಾಧಿಕಾರಿಯದು. ನಾಲ್ಕನೆಯದು ವಿನ್ಯಾಸ ಅನುಮೋದನೆ, ಅಂದರೆ ರಸ್ತೆ, ಉದ್ಯಾನ, ನಿವೇಶನಗಳ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ. ಇವೆರಡರಲ್ಲಿ ಪತ್ರಿಕಾ ಪ್ರಕಟಣೆಯನ್ನು ಕಾದು ಕೂರಬೇಡಿ. ನೀವೇ ಹೋಗಿ ಕೇಳಬೇಕು.

ಯೋಜನೆ ನಿಜವೋ ಗಾಳಿಮಾತೋ ತಿಳಿಯಲು ಸುಲಭದ ದಾರಿಯೊಂದಿದೆ. 500 ಚದರ ಮೀಟರಿಗಿಂತ ದೊಡ್ಡ ಜಮೀನಿನ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ತಾಲ್ಲೂಕಿನ ಹೆಸರು ಕೊಟ್ಟು ಹುಡುಕಿ. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಿರಾಕ್ಷೇಪಣಾ ಪತ್ರಗಳು ಅಲ್ಲಿ ನೋಡಲು ಸಿಗಬಹುದು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು, ಅದರ ಕಡತ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಇರುತ್ತದೆ. ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಿಲ್ಲ. ಸಭೆ ಕರೆಯುತ್ತಾರೆ, ಅಲ್ಲಿ ಮಾತಾಡೋಣ ಎಂದು ಕಾದು ಕುಳಿತರೆ ಅವಕಾಶ ಕೈಬಿಟ್ಟು ಹೋಗುತ್ತದೆ.

5. ಮಾಹಿತಿ ಹಕ್ಕಿನ ಅರ್ಜಿ

2005ರ ಕಾಯ್ದೆ ಎಲ್ಲರಿಗೂ ಗೊತ್ತಿದೆ, ಅರ್ಜಿ ತಿರಸ್ಕೃತವಾಗದಂತೆ ಬರೆಯುವುದು ಕೆಲವರಿಗಷ್ಟೇ ಗೊತ್ತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಬಂದ ಉತ್ತರ ಸಾಲದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಪುರಾತತ್ವ ಸರ್ವೇಕ್ಷಣ ಇಲಾಖೆ ಕೇಂದ್ರದ್ದಾದ್ದರಿಂದ ಅದರ ಅರ್ಜಿಯನ್ನು ಕೇಂದ್ರದ ಜಾಲತಾಣದ ಮೂಲಕ ಕಳಿಸಬಹುದು.

ಏಕೆ, ಹೇಗೆ ಎಂದು ಕೇಳಬೇಡಿ. ದಾಖಲೆ ಕೇಳಿ. ಯೋಜನಾ ಪ್ರಾಧಿಕಾರಕ್ಕೆ ಹೀಗೆ ಬರೆಯಬಹುದು:

"ಶ್ರೀರಂಗಪಟ್ಟಣ ತಾಲ್ಲೂಕು ______ ಗ್ರಾಮದ ಸರ್ವೆ ನಂ. ______ ಕ್ಕೆ ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ನೀಡಲು ಕೋರುತ್ತೇನೆ: (1) ಭೂ ಬಳಕೆ ಬದಲಾವಣೆ ಅಥವಾ ವಿನ್ಯಾಸ ಅನುಮೋದನೆ ಕೋರಿ ಸಲ್ಲಿಕೆಯಾದ ಅರ್ಜಿ ಮತ್ತು ಅದರ ನಕ್ಷೆ, (2) ಈ ಕುರಿತು ದಿನಪತ್ರಿಕೆಗಳಲ್ಲಿ ಹೊರಡಿಸಿದ ಪ್ರಕಟಣೆ, (3) ಪುರಾತತ್ವ ಇಲಾಖೆ, ಅರಣ್ಯ ಇಲಾಖೆ, ಕಾವೇರಿ ನೀರಾವರಿ ನಿಗಮದಿಂದ ಪಡೆದ ಅಭಿಪ್ರಾಯ ಅಥವಾ ನಿರಾಕ್ಷೇಪಣಾ ಪತ್ರ, (4) ಸ್ಥಳ ತನಿಖಾ ವರದಿ, (5) ಕಡತದ ಟಿಪ್ಪಣಿ ಹಾಳೆಗಳು. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ನಿಗದಿಪಡಿಸಬೇಕೆಂದೂ ಕೋರುತ್ತೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಕಡತವನ್ನು ಕಣ್ಣಾರೆ ನೋಡುವುದು ನಿಮ್ಮ ಹಕ್ಕು. ಪ್ರತಿ ಮಾಡಿ ಕೊಡುವಾಗ ಬಿಟ್ಟುಹೋಗುವ ಹಾಳೆ ಅಲ್ಲಿ ಕಣ್ಣಿಗೆ ಬೀಳುತ್ತದೆ. ಮೂರನೆಯ ಅಂಶಕ್ಕೆ ಯಾವ ಅಭಿಪ್ರಾಯವನ್ನೂ ಪಡೆದಿಲ್ಲ ಎಂಬ ಉತ್ತರ ಬಂದರೆ ಅದನ್ನು ಜೋಪಾನವಾಗಿಡಿ. ಅದೇ ಮುಂದೆ ನಿಮ್ಮ ಬಲವಾದ ಸಾಕ್ಷಿ.

6. ಆಕ್ಷೇಪಣೆ ಬರೆಯುವ ಬಗೆ

ನೂರು ಜನ ಒಂದೇ ಮುದ್ರಿತ ಪತ್ರಕ್ಕೆ ಸಹಿ ಹಾಕಿ ಕೊಟ್ಟರೆ ಅದು ಒಂದೇ ಆಕ್ಷೇಪಣೆಯೆಂದು ಎಣಿಕೆಯಾಗಬಹುದು. ಹತ್ತು ಜನ ಹತ್ತು ಬೇರೆ ಕಾರಣ ಬರೆದರೆ ಹತ್ತಕ್ಕೂ ಉತ್ತರ ಕೊಡಬೇಕಾಗುತ್ತದೆ. ರೈತ ತನ್ನ ನಾಲೆಯ ನೀರಿನ ಬಗ್ಗೆ ಬರೆಯಲಿ, ಅರ್ಚಕರು ಘಟ್ಟಕ್ಕೆ ಇಳಿಯುವ ದಾರಿಯ ಬಗ್ಗೆ, ತೆಪ್ಪ ನಡೆಸುವವರು ಮತ್ತು ಮೀನು ಹಿಡಿಯುವವರು ಹೊಳೆಯ ಬಗ್ಗೆ, ಮೇಷ್ಟ್ರು ಮದ್ದಿನ ಮನೆಯ ಬಗ್ಗೆ.

ಪತ್ರದಲ್ಲಿ ಈ ಕ್ರಮ ಇರಲಿ: ಯಾವ ಪ್ರಕಟಣೆ, ಯಾವ ದಿನಾಂಕದ್ದು, ಯಾವ ಸರ್ವೆ ನಂಬರ್; ನೀವು ಯಾರು, ಆ ಜಾಗಕ್ಕೂ ನಿಮಗೂ ಏನು ಸಂಬಂಧ; ನಿಮ್ಮ ಆಕ್ಷೇಪಣೆ, ಅಂಶಕ್ಕೊಂದು ದಾಖಲೆ ಲಗತ್ತಿಸಿ; ಕೊನೆಯಲ್ಲಿ ನಿಮ್ಮ ಕೋರಿಕೆ, ಮತ್ತು ಖುದ್ದು ಅಹವಾಲು ಹೇಳಲು ಅವಕಾಶ ಕೊಡಬೇಕೆಂಬ ಒಂದು ಸಾಲು. ಎರಡು ಪುಟ ಸಾಕು. ನಮ್ಮ ಪುರಾತನ ಸಂಸ್ಕೃತಿ, ಭವ್ಯ ಇತಿಹಾಸ ಎಂದು ಒಂದು ಪುಟ ತುಂಬಿಸಬೇಡಿ. ಆ ಪ್ರೀತಿ ನನಗೂ ಇದೆ, ಆದರೆ ಅದಕ್ಕೆ ಉತ್ತರ ಕೊಡುವ ಹೊಣೆ ಅಧಿಕಾರಿಗೆ ಬರುವುದಿಲ್ಲ. ಬದಲಿಗೆ, ಉದ್ದೇಶಿತ ನಕ್ಷೆಯ ಪೂರ್ವಗಡಿ ರಕ್ಷಿತ ಪ್ರದೇಶದ ಬೇಲಿಯಿಂದ ಇಷ್ಟು ಮೀಟರ್ ದೂರದಲ್ಲಿದೆ, ಅನುಮತಿ ಪತ್ರ ಕಡತದಲ್ಲಿ ಇಲ್ಲ ಎಂದು ಬರೆಯಿರಿ. ಈ ಮಾತಿಗೆ ಉತ್ತರ ಕೊಡದೆ ಕಡತ ಮುಂದೆ ಸಾಗುವುದು ಕಷ್ಟ.

ಟಿಪ್ಪುವಿನ ಬಗ್ಗೆ, ದೇವಾಲಯ ಮಸೀದಿಗಳ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯಗಳಿವೆ ಎಂಬುದು ನಿಮಗೆ ಗೊತ್ತು. ಆ ವಾದವನ್ನು ಈ ಪತ್ರದೊಳಗೆ ತರಬೇಡಿ, ನಿಮ್ಮ ಗುಂಪಿನೊಳಗೂ ತರಬೇಡಿ. ರಂಗನಾಥನ ಗೋಪುರವನ್ನೂ ಮಸೀದಿಯ ಮಿನಾರನ್ನೂ ದೂರದಿಂದ ಒಂದೇ ನೋಟದಲ್ಲಿ ಕಾಣುವ ಬಯಲು ಉಳಿಯಬೇಕೆಂದರೆ ಎರಡನ್ನೂ ಪ್ರೀತಿಸುವವರು ಒಟ್ಟಿಗೆ ಸಹಿ ಹಾಕಬೇಕು.

ಪ್ರತಿಯೊಂದು ಪತ್ರವನ್ನೂ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿ. ಒಪ್ಪದಿದ್ದರೆ ಅಂದೇ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಸಾಹೇಬರಿಗೆ ಕಳಿಸಿದ್ದೇನೆ ಎಂಬುದು ಆಕ್ಷೇಪಣೆ ಅಲ್ಲ. ಪ್ರತಿಗಳು ಜಿಲ್ಲಾಧಿಕಾರಿ, ತಹಶೀಲ್ದಾರ್, ಪುರಾತತ್ವ ಸರ್ವೇಕ್ಷಣದ ಬೆಂಗಳೂರು ವಲಯ ಕಚೇರಿ, ರಾಜ್ಯ ಪುರಾತತ್ವ ಇಲಾಖೆಗೂ ಹೋಗಲಿ. ಜಮೀನು ಪಟ್ಟಣದ ವ್ಯಾಪ್ತಿಯಲ್ಲಿದ್ದರೆ ಪುರಸಭೆಯ ಮುಖ್ಯಾಧಿಕಾರಿಗೆ, ಹಳ್ಳಿಯಲ್ಲಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಇನ್ನೊಂದು ಪ್ರತಿ. ಹಳ್ಳಿಯಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಿ.

7. ಕೋಟೆಯೊಳಗಿನ ಜನರ ಜೊತೆ ಮಾತಾಡಿ

ಇದನ್ನು ಕೊನೆಗೆ ಬಿಡುವವರೇ ಹೆಚ್ಚು, ಅವರೇ ಸೋಲುವುದು. ಕೋಟೆಯೊಳಗೆ, ಗಂಜಾಂನಲ್ಲಿ ತಲೆಮಾರುಗಳಿಂದ ಇರುವವರಿಗೆ ಪರಂಪರೆ ಎಂಬ ಪದ ಕೇಳಿದರೆ ಹೆದರಿಕೆ. ಸೋರುವ ಹಂಚು ಬದಲಿಸಲು, ಮಗನ ಮದುವೆಗೆ ಮುಂಚೆ ಒಂದು ಕೋಣೆ ಸರಿಮಾಡಲು ಅಲೆದಾಡಿ ಬೇಸತ್ತವರು ಅವರು. ನೂರು ಎಕರೆಯ ಬಡಾವಣೆಗೂ ಹತ್ತು ಅಂಕಣದ ಮನೆಗೂ ಒಂದೇ ತಕ್ಕಡಿ ಹಿಡಿದರೆ ಅವರು ಬಡಾವಣೆಯವನ ಪಕ್ಕಕ್ಕೆ ಹೋಗುತ್ತಾರೆ, ಹೋದರೆ ತಪ್ಪೆನ್ನಲಾಗದು.

ಅವರಿಗೆ ತಿಳಿಸಿ: ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಆದರೆ 1992ರ ಜೂನ್ 16ಕ್ಕೂ ಮೊದಲೇ ಇದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಹಾಕಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅರ್ಜಿ ತುಂಬಲು ನಿಮ್ಮ ಗುಂಪೇ ನೆರವಾಗಲಿ. ಮನೆಯ ಹಳೆಯ ಕಂದಾಯ ರಸೀದಿ, ವಿದ್ಯುತ್ ಬಿಲ್, ಹಳೆಯ ಚಿತ್ರ ಹುಡುಕಿ ಜೋಡಿಸಿ ಕೊಡಿ. ಹೀಗೆ ಮೂರು ಮನೆಗೆ ದುರಸ್ತಿ ಅನುಮತಿ ಕೊಡಿಸಿದರೆ ನಾಲ್ಕನೆಯ ಮನೆಯವರು ತಾವಾಗಿ ಬಂದು ಹೊಳೆದಂಡೆಯ ಸುದ್ದಿ ಹೇಳುತ್ತಾರೆ.

ಜಮೀನು ಮಾರಲು ಹೊರಟ ರೈತನೂ ನಿಮ್ಮ ಶತ್ರುವಲ್ಲ. ಕಬ್ಬಿನ ಬಾಕಿ ಬರದೆ, ನಾಲೆಯ ನೀರು ಸರಿಯಾಗಿ ಸಿಗದೆ ಅವನು ಆ ತೀರ್ಮಾನಕ್ಕೆ ಬಂದಿರಬಹುದು. ನಾಲೆ ದುರಸ್ತಿಗೆ ಅವನ ಜೊತೆ ನಿಂತು ಅರ್ಜಿ ಕೊಡುವುದೂ ಈ ಕೆಲಸದ ಭಾಗವೇ.

8. ಕೆಲಸ ಶುರುವಾಗಿಬಿಟ್ಟಿದ್ದರೆ

ಮೊದಲು ಚಿತ್ರ ಮತ್ತು ವಿಡಿಯೊ ತೆಗೆಯಿರಿ, ರಸ್ತೆಯಿಂದಲೇ. ಖಾಸಗಿ ಜಮೀನಿಗೆ ನುಗ್ಗಬೇಡಿ, ಯಂತ್ರಕ್ಕೆ ಅಡ್ಡ ಮಲಗಬೇಡಿ. ಪ್ರಕರಣ ನಿಮ್ಮ ಮೇಲೆಯೇ ದಾಖಲಾದರೆ ಮುಂದಿನ ವರ್ಷವೆಲ್ಲ ಅದರ ಹಿಂದೆ ಓಡಾಡಬೇಕು. ಅಂದೇ ಪುರಾತತ್ವ ಸರ್ವೇಕ್ಷಣದ ಸ್ಥಳೀಯ ಸಂರಕ್ಷಣಾ ಸಹಾಯಕರಿಗೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಬರಹದಲ್ಲಿ ದೂರು ಕೊಡಿ. ಸ್ಥಳ ಮಹಜರು, ಅಂದರೆ ಸಾಕ್ಷಿಗಳ ಎದುರು ಸ್ಥಿತಿಯನ್ನು ಬರೆದು ಸಹಿ ಮಾಡಿಸುವ ದಾಖಲೆ ಮಾಡಬೇಕೆಂದು ಕೇಳಿ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೂ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದರೂ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ಈ ಕಲಮುಗಳನ್ನು, ಅಂದರೆ 1958ರ ಕೇಂದ್ರ ಕಾಯ್ದೆಯ 30-ಎ ಮತ್ತು 30-ಬಿ, ದೂರಿನಲ್ಲೇ ನಮೂದಿಸಿ.

ಸ್ಥಳಾಂತರದ ಭರವಸೆಗೆ ಬೇಗ ಒಪ್ಪಬೇಡಿ. 2017ರಲ್ಲಿ ಜೋಡಿ ರೈಲು ಮಾರ್ಗಕ್ಕಾಗಿ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು ಬುಡಸಮೇತ ಎತ್ತಿ ಹಳಿಗಳ ಮೇಲೆ ಸರಿಸಿ ನೂರು ಮೀಟರಿಗೂ ಆಚೆ ಕೂರಿಸಿದರು. ಕಟ್ಟಡ ಉಳಿಯಿತು, ತಂತ್ರಜ್ಞರ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಅದು ರೈಲು ಹಳಿಗಾಗಿ ವರ್ಷಗಟ್ಟಲೆ ಕಾದು ಮಾಡಿದ ಒಂದು ಕಟ್ಟಡದ ಕೆಲಸ. ಘಟ್ಟವನ್ನು, ಕಂದಕವನ್ನು, ನಾಲೆಯನ್ನು ಹಾಗೆ ಎತ್ತಿಡಲು ಆಗುವುದಿಲ್ಲ.

9. ನ್ಯಾಯಾಲಯದ ಬಾಗಿಲು

ಇದು ಕೊನೆಯ ಹೆಜ್ಜೆ. ದಾಖಲೆ ಇಲ್ಲದೆ ಹೋಗಬೇಡಿ, ತಡಮಾಡಿಯೂ ಹೋಗಬೇಡಿ. ಸ್ಮಾರಕ ಕಾಯ್ದೆ, ಯೋಜನಾ ಕಾಯ್ದೆ, ಭೂ ಪರಿವರ್ತನೆ ಇವುಗಳ ಉಲ್ಲಂಘನೆಗೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಪರಿಸರ ಅನುಮತಿಯ ವಿರುದ್ಧವಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿ ಮೇಲ್ಮನವಿಗೆ 30 ದಿನ, ಸೂಕ್ತ ಕಾರಣವಿದ್ದರೆ ಇನ್ನೂ 60 ದಿನ, ಅದರಾಚೆ ಒಂದು ದಿನವೂ ಇಲ್ಲ. ಸ್ಮಾರಕ ಕಾಯ್ದೆ ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯ ಪಟ್ಟಿಯಲ್ಲಿ ಇಲ್ಲ. ಕೋಟೆಗೋಡೆಯ ವಿಷಯವನ್ನಷ್ಟೇ ಹಿಡಿದು ಅಲ್ಲಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಅರ್ಜಿದಾರರಾಗಿ ದ್ವೀಪದ ನಿವಾಸಿಯೇ ಮುಂದೆ ನಿಲ್ಲಲಿ. ಆ ಆಸ್ತಿಯಲ್ಲಿ ಸ್ವಂತ ವ್ಯಾಜ್ಯ ಇರುವವರನ್ನು, ಪಕ್ಕದಲ್ಲಿ ತಮ್ಮದೇ ಬಡಾವಣೆ ಮಾಡುವ ಆಸೆ ಇರುವವರನ್ನು ಅರ್ಜಿದಾರರಾಗಿ ಸೇರಿಸಬೇಡಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ನ್ಯಾಯಾಲಯ ಮೊದಲು ನೋಡುವುದು ಅರ್ಜಿದಾರರ ಕೈ ಶುದ್ಧವಿದೆಯೇ ಎಂದು.

ಒಂದು ಯೋಜನೆ ನಿಂತಿತು ಎಂದುಕೊಳ್ಳಿ. ಕಡತವನ್ನು ಅಟ್ಟಕ್ಕೆ ಹಾಕಬೇಡಿ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಇಂದು ತಪ್ಪಿದ ಸರ್ವೆ ನಂಬರ್ ಮುಂದಿನ ಕರಡಿನಲ್ಲಿ ಬೇರೆ ಬಣ್ಣ ಹೊತ್ತು ಬರಬಹುದು. ಈಗಿನ ಮಹಾಯೋಜನೆ ಯಾವ ವರ್ಷದವರೆಗಿನದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಕಡತದ ಇನ್ನೊಂದು ಪ್ರತಿಯನ್ನು ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರೊಬ್ಬರ ಮನೆಯಲ್ಲಿಡಿ.